ಕೆನ್ನೆಯ ನೆರಳಿಗೆ ಯಾವ ಬಣ್ಣ

ನಾನು ಕೆಲಸ ಕಲಿತ ಪಾರ್ಲರಿನಲ್ಲಿ ಮುಖಕ್ಕೆ ಹಚ್ಚುವ ಬಣ್ಣ ಅಂತ ಇದ್ದದ್ದು ಒಂದೇ ಡಬ್ಬಿ. ಗುಲಾಬಿ ಬೆರೆತ ಬಿಳಿ. ಹಾಸನದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲಿತ್ತು ಆ ಪಾರ್ಲರು. ಕುರ್ಚಿಯಲ್ಲಿ ಕೂತವರು ಎಣ್ಣೆಗಪ್ಪಾಗಿರಲಿ, ಗೋಧಿ ಬಣ್ಣದವರಾಗಿರಲಿ, ಎದ್ದು ಹೋಗುವಾಗ ಎಲ್ಲರೂ ಆ ಡಬ್ಬಿಯ ಬಣ್ಣವಾಗಿರುತ್ತಿದ್ದರು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರ ಪೆಟ್ಟಿಗೆ ತೆಗೆದರೆ ಇಪ್ಪತ್ತು ಮೂವತ್ತು ಬಣ್ಣ ಸಾಲಾಗಿ ಕೂತಿರುತ್ತವೆ. ಆದರೂ ತಪ್ಪಾಗುತ್ತದೆ. ನಾನಂತೂ ಒಂದು ಡಬ್ಬಿ ಇದ್ದಾಗಲೂ ತಪ್ಪು ಮಾಡಿದ್ದೇನೆ, ಮೂವತ್ತು ಇದ್ದಾಗಲೂ ಮಾಡಿದ್ದೇನೆ. ಅವನ್ನೇ ಬರೆದಿಡುತ್ತೇನೆ. ಚೆನ್ನಾಗಿ ಆದ ಮದುವೆಗಳಿಂದ ನಾನು ಕಲಿತದ್ದು ಕಡಿಮೆ.

ನಮ್ಮ ಅಪ್ಪ ಹೊಳೆನರಸೀಪುರದಲ್ಲಿ ಸಂಸ್ಕೃತ ಮೇಷ್ಟರು. ಮಗಳು ಬ್ಯೂಟಿ ಪಾರ್ಲರಿಗೆ ಸೇರುತ್ತಾಳೆ ಅಂದಾಗ ಅವರು ಬೈಯಲಿಲ್ಲ, ಎರಡು ದಿನ ಮಾತಾಡಲಿಲ್ಲ ಅಷ್ಟೆ. ಮೂರನೆಯ ದಿನ ಊಟಕ್ಕೆ ಕೂತಾಗ, "ಶಾರದ, ಇನ್ನೊಬ್ಬರ ಮುಖ ಮುಟ್ಟೋ ಕೆಲಸ. ಹುಷಾರಾಗಿ ಮಾಡು" ಅಂದರು. ಅವರು ಅದನ್ನು ಒಪ್ಪಿಗೆ ಅಂತ ಹೇಳಿದರೋ ಎಚ್ಚರಿಕೆ ಅಂತ ಹೇಳಿದರೋ ನಾನು ಕೇಳಲಿಲ್ಲ.

ಪಾರ್ಲರು ಪ್ರೇಮಾ ಮೇಡಂ ಅವರದು. ಗಟ್ಟಿ ಹೆಂಗಸು. ನಾಲ್ಕು ಜನ ಹುಡುಗಿಯರನ್ನು ಕಣ್ಣಲ್ಲೇ ಆಡಿಸುತ್ತಿದ್ದರು. ಗ್ರಾಹಕರ ಮುಖ ಮುಟ್ಟುವ ಮುಂಚೆ ಕೈ ತೊಳೆದು, ಅಂಗೈಯನ್ನು ಉಜ್ಜಿ ಬಿಸಿ ಮಾಡಿಕೊಳ್ಳಬೇಕು. ತಣ್ಣನೆ ಕೈ ಕೆನ್ನೆಗೆ ತಗುಲಿದರೆ ಹುಡುಗಿ ಬೆಚ್ಚುತ್ತಾಳೆ, ಆಮೇಲೆ ಆ ಮುಖ ಸಡಿಲವಾಗಲು ಕಾಲು ಗಂಟೆ ಬೇಕು. "ಮುಟ್ಟಲಾ" ಅಂತ ಕೇಳಿಯೇ ಮುಟ್ಟಬೇಕು. ಇವೆಲ್ಲ ಮೇಡಂ ಹೇಳಿಕೊಟ್ಟದ್ದು, ಕೊನೆಯವರೆಗೂ ಪಾಲಿಸಿದ್ದೇನೆ. ಬಣ್ಣದ ವಿಷಯದಲ್ಲಿ ಮಾತ್ರ ಅವರ ಪಾಠ ನನಗೆ ಮೊದಲನೆಯ ಮದುವೆಯಲ್ಲೇ ಗಂಟಲಲ್ಲಿ ಸಿಕ್ಕಿಕೊಂಡಿತು.

ಮದುವೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿ. ಹುಡುಗಿಯ ಹೆಸರು ಜಯ. ಬೇಸಾಯಗಾರರ ಮನೆ. ತಾಯಿ ಇಲ್ಲ, ಅಜ್ಜಿ ಸಾಕಿದ ಮಗು. ಮೇಡಂ ಜಡೆ ನೋಡಿಕೊಂಡರು, ಮುಖವನ್ನು ಮೊದಲ ಸಲ ನನಗೆ ಬಿಟ್ಟರು. ನಾನು ಹೆಮ್ಮೆಯಿಂದ ಸ್ಪಂಜು ಒದ್ದೆ ಮಾಡಿ ಹಚ್ಚಿದ್ದೇ ಹಚ್ಚಿದ್ದು. ಹಣೆ, ಕೆನ್ನೆ, ಮೂಗು, ಗದ್ದ. ಕೊರಳಿನ ಹತ್ತಿರ ಬಂದಾಗ ಬಣ್ಣ ಗಡಿ ಕಟ್ಟಿದಂತೆ ನಿಂತುಬಿಟ್ಟಿತು. ಮೇಲೆ ಬಿಳಿ, ಕೆಳಗೆ ಅವಳದೇ ಬಣ್ಣ. "ಹೂವಿನ ಹಾರ ಬಂದ್ಮೇಲೆ ಕಾಣಲ್ಲ ಬಿಡು" ಅಂದರು ಮೇಡಂ.

ಜಯಳನ್ನು ಒಳಮನೆಯಿಂದ ಕರೆತಂದು ಅಜ್ಜಿಯ ಮುಂದೆ ನಿಲ್ಲಿಸಿದರು, ಕಾಲಿಗೆ ಬೀಳಲು. ಅಜ್ಜಿ ಆಶೀರ್ವಾದ ಮಾಡಲು ಕೈ ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು. ಬಗ್ಗಿ ಬಗ್ಗಿ ನೋಡಿದರು.

"ಇದ್ಯಾರವ್ವ? ನಮ್ ಜಯನ್ನ ಎಲ್ ಬುಟ್ರಿ?"

ಸುತ್ತ ನಿಂತವರು ನಕ್ಕರು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಅವರ ಕಣ್ಣು ಸ್ವಲ್ಪ ಮಂದ. ಮೊಮ್ಮಗಳನ್ನು ಅವರು ಬಣ್ಣ, ಆಕಾರ, ನಡಿಗೆಯಲ್ಲಿ ಗುರುತು ಹಿಡಿಯುತ್ತಿದ್ದವರು. ಜಯ, "ನಾನೇ ಕಣಜ್ಜಿ" ಅಂದಳು. ದನಿ ಕೇಳಿದ ಮೇಲೆ ಅಜ್ಜಿ ಅವಳ ಎರಡೂ ಕೈ ಹಿಡಿದು, ಕೈಯನ್ನೇ ನೋಡಿ, "ಊಂ, ಇದು ನಮ್ದೇ" ಅಂದರು. ಮುಖ ನೋಡಲಿಲ್ಲ. ಜಯಳಿಗೆ ಅಳು ಬಂದುಬಿಟ್ಟಿತು. ಕಣ್ಣೀರು ಇಳಿದ ಕಡೆಯೆಲ್ಲ ಬಿಳಿಯ ನಡುವೆ ಗೆರೆ ಬಿತ್ತು.

ಮೇಡಂ ನನ್ನ ಕಿವಿಯ ಹತ್ತಿರ ಬಂದು, "ಇನ್ನೊಂದು ಕೋಟ್ ಹಾಕು, ಬೇಗ" ಅಂದರು. ನಾನು ಹಾಕಿದೆ. ಆ ಗೆರೆಗಳ ಮೇಲೆ, ಅವಳ ಅಳುವಿನ ಮೇಲೆ, ಇನ್ನೊಂದು ಪದರ ಬಿಳಿ ಹಾಕಿದೆ. ವಾಪಸ್ ಬಸ್ಸಿನಲ್ಲಿ ಬರುವಾಗ ಮೇಡಂ ಸಮಾಧಾನ ಹೇಳಿದರು. "ಬೆಳ್ಳಗೆ ಕಾಣಲಿ ಅಂತಲೇ ಶಾರದ, ನಮ್ಮನ್ನ ಕರೆಸೋದು. ಇದ್ದ ಹಾಗೇ ಕಾಣೋಕೆ ನಾವು ಯಾಕೆ ಬೇಕು?" ಆ ಕಾಲಕ್ಕೆ ಆ ಮಾತು ಸುಳ್ಳಾಗಿರಲಿಲ್ಲ. ಕರೆಸುವವರೂ ಅದನ್ನೇ ಕೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮೇಡಂ ಮಗಳ ಊರಿಗೆ ಹೋದರು. ನಾನು ಸ್ವಂತ ಪಾರ್ಲರು ಇಟ್ಟೆ. ಬಣ್ಣದ ಡಬ್ಬಿಗಳು ಎರಡಾದವು, ಐದಾದವು. ಬಿಳಿ ಬಳಿಯುವುದನ್ನು ಬಿಟ್ಟೆ. ಹುಡುಗಿಯ ಬಣ್ಣಕ್ಕೆ ಹತ್ತಿರದ್ದು ಹುಡುಕಿ ಹಚ್ಚುತ್ತಿದ್ದೆ. ಹಾಸನದಲ್ಲಿ "ಶಾರದಕ್ಕ ಹಾಕಿದ್ರೆ ಹಾಕಿದ್ದೇ ಗೊತ್ತಾಗಲ್ಲ" ಅಂತ ಹೆಸರಾಯಿತು. ಆ ಹೆಸರು ತಲೆಗೆ ಏರಿದ ಹೊತ್ತಿಗೆ ಕಾಂಟೂರ್ ಬಂತು.

ಕಾಂಟೂರ್ ಅಂದರೆ ಮುಖಕ್ಕೆ ಕೊಡುವ ನೆರಳು. ದುಂಡು ಕೆನ್ನೆಯ ಕೆಳಗೆ, ಮೂಗಿನ ಎರಡೂ ಬದಿಗೆ, ದವಡೆಯ ಅಂಚಿಗೆ ಸ್ವಲ್ಪ ಗಾಢ ಬಣ್ಣ ಹಚ್ಚಿ ಬ್ರಷ್ಷಿನಲ್ಲಿ ಮಸುಕು ಮಾಡಿದರೆ ಆ ಭಾಗ ಒಳಗೆ ಸರಿದ ಹಾಗೆ ಕಾಣುತ್ತದೆ, ಮುಖಕ್ಕೆ ತೀಡಿದಂಥ ಆಕಾರ ಬರುತ್ತದೆ. ಮೈಸೂರಿನಲ್ಲಿ ಮೂರು ದಿನದ ತರಗತಿಗೆ ಹೋಗಿ ಕಲಿತು ಬಂದೆ. ಕಲಿಸಿದವರು ಮಾಡಿ ತೋರಿಸಿದ್ದು ಹಾಲಿನಂಥ ಮೈಬಣ್ಣದ ಒಬ್ಬ ಹುಡುಗಿಯ ಮೇಲೆ. ಬಳಸಿದ್ದು ಬೂದು ಬೆರೆತ ಕಂದು. ಎಷ್ಟು ಚೆನ್ನಾಗಿ ಕಂಡಿತೆಂದರೆ ಅದೇ ಬಣ್ಣ ಕೊಂಡುಕೊಂಡು ಬಂದೆ.

ಮೊದಲ ಸಲ ಹಾಕಿದ್ದು ನಮ್ಮೂರಲ್ಲೇ, ಹೊಳೆನರಸೀಪುರದಲ್ಲಿ. ಹುಡುಗಿ ಸೌಮ್ಯ, ಶಾಲೆಯಲ್ಲಿ ಟೀಚರು, ಗೋಧಿ ಬಣ್ಣ, ತುಂಬಿದ ದುಂಡು ಮುಖ. ಛತ್ರದ ಒಳಕೋಣೆಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಸರಿಯಾಗಿ ಕಂಡಿತು. ಸೌಮ್ಯ ಕನ್ನಡಿ ನೋಡಿ, "ನಾನೇನಾ" ಅಂತ ನಕ್ಕಳು. ಧಾರೆಗೆ ಮುಂಚೆ ಅವಳನ್ನು ಹೊರಗಿನ ಅಂಗಳಕ್ಕೆ ಕರೆದುಕೊಂಡು ಹೋದರು. ಬೆಳಗಿನ ಬಿಸಿಲು ಮುಖದ ಮೇಲೆ ಬಿತ್ತು.

ಹತ್ತು ನಿಮಿಷಕ್ಕೆ ಸೌಮ್ಯಳ ತಾಯಿ ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಶಾರದಾ, ಗಂಡಿನ ಸೋದರತ್ತೆ ಕರೆದು ಕೇಳ್ತಿದ್ದಾರೆ. ಹುಡುಗಿಗೆ ಇಷ್ಟ ಇದೆಯೋ ಇಲ್ಲವೋ ಅಂತ. ಕೆನ್ನೆ ಮೇಲೆ ಬಾಸುಂಡೆ ಇದೆಯಂತೆ, ಎರಡೂ ಕಡೆ. ಹೊಡೆದು ಒಪ್ಪಿಸಿದ್ದೀರಾ ಅಂತಾರೆ. ಏನಮ್ಮಾ ಇದು?"

ನಾನು ಅಂಗಳಕ್ಕೆ ಓಡಿದೆ. ಬಿಸಿಲಲ್ಲಿ ನೋಡಿದ ಕೂಡಲೇ ತಿಳಿಯಿತು. ಆ ಬೂದು ಅವಳ ಹಳದಿ ಮೈಬಣ್ಣದ ಮೇಲೆ ನೀಲಿಗಟ್ಟಿತ್ತು. ನಿಜಕ್ಕೂ ಏಟು ಬಿದ್ದು ಎರಡು ದಿನವಾದ ಕೆನ್ನೆಯ ಹಾಗೇ ಇತ್ತು. ಗಂಡಿನ ಕಡೆಯ ಹೆಂಗಸರು ಗುಂಪು ಕಟ್ಟಿ ನಿಂತಿದ್ದರು. ಸೋದರತ್ತೆ ಕೆಟ್ಟವರಲ್ಲ, ಸೌಮ್ಯಳ ಕೈ ಹಿಡಿದು, "ಹೇಳಮ್ಮಾ, ಹೆದರಬೇಡ, ನಾನಿದ್ದೀನಿ" ಅನ್ನುತ್ತಿದ್ದರು. ಹುಡುಗಿ ಏನೂ ತಿಳಿಯದೆ ಕಣ್ಣು ಬಿಟ್ಟುಕೊಂಡಿದ್ದಳು.

ವಿವರಿಸುತ್ತಾ ಕೂತರೆ ಯಾರೂ ನಂಬುವಂತಿರಲಿಲ್ಲ. ಪಕ್ಕದಲ್ಲಿದ್ದ ತಂಬಿಗೆಯ ನೀರಿನಲ್ಲಿ ನನ್ನ ಸೆರಗು ಅದ್ದಿ, ಆ ಅತ್ತೆಯ ಎದುರಿಗೇ ಸೌಮ್ಯಳ ಒಂದು ಕೆನ್ನೆ ಒರೆಸಿದೆ. "ಏಟಲ್ಲಮ್ಮ, ಬಣ್ಣ. ತಪ್ಪು ನನ್ನದು, ಬೇರೆ ಬಣ್ಣ ಹಾಕಿಬಿಟ್ಟೆ" ಅಂದೆ. ಸೆರಗಿನ ಮೇಲೆ ಕಂದು ಮೆತ್ತಿಕೊಂಡಿತ್ತು. ಅದನ್ನು ಅವರಿಗೆ ಹಿಡಿದು ತೋರಿಸಿದೆ. ಅವರು ಬೆರಳಿಂದ ಮುಟ್ಟಿ ನೋಡಿ, ಸೌಮ್ಯಳ ಒರೆಸಿದ ಕೆನ್ನೆ ನೋಡಿ, ನನ್ನ ಕಡೆ ತಿರುಗಿದರು.

"ಇಷ್ಟು ಲಕ್ಷಣವಾದ ಕೆನ್ನೆಗೆ ಇದನ್ನ ಯಾಕಮ್ಮಾ ಹಾಕಿದೆ?"

ಇನ್ನೊಂದು ಕೆನ್ನೆಯನ್ನೂ ಒರೆಸಿದೆ. ಮದುವೆ ನಡೆಯಿತು. ಮೇಷ್ಟರ ಮಗಳು ಅಂತ ನನ್ನನ್ನು ಬಲ್ಲ ಅರ್ಧ ಊರು ಅಲ್ಲಿತ್ತು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಆ ಬಣ್ಣವನ್ನು ಎಸೆಯಬೇಕು ಅಂತಿದ್ದೆ. ತಡೆದದ್ದು ಮಂಜುಳ. ಅವಳು ನನ್ನ ಜೊತೆ ಕೆಲಸಕ್ಕೆ ಸೇರಿ ಆಗ ಒಂದು ವರ್ಷ ಆಗಿತ್ತು. ಅರಕಲಗೂಡಿನ ಕಡೆಯವಳು, ಎರಡು ಮಕ್ಕಳ ತಾಯಿ, ಮಾತು ಕಡಿಮೆ. ಅಪ್ಪಟ ಕಪ್ಪು, ಎಣ್ಣೆ ಹಚ್ಚಿದ ಬೀಟೆ ಮರದ ಹಾಗೆ ಹೊಳೆಯುವ ಕಪ್ಪು.

"ಎಸೀಬ್ಯಾಡಿ ಅಕ್ಕ. ನನ್ ಮೊಕದ ಮ್ಯಾಲೆ ಹಾಕಿ ನೋಡಿ. ನಮ್ ಕಡೆಯಿಂದ ಬರೋರೆಲ್ಲ ನನ್ನಂಗಿರೋರೇ ಅಲ್ವಾ."

ಹಾಕಿದೆ. ನೆರಳೇ ಕಾಣಲಿಲ್ಲ. ಆ ಬಣ್ಣಕ್ಕಿಂತ ಮಂಜುಳಳ ಕೆನ್ನೆಯೇ ಒಂದು ಮೆಟ್ಟಿಲು ಗಾಢ. ನೆರಳು ಅಂತ ಯಾವುದನ್ನು ಮಾರುತ್ತಿದ್ದರೋ ಅದು ಅವಳಿಗೆ ಬೆಳಕು. ಇಬ್ಬರೂ ನಕ್ಕೆವು. ಆಮೇಲೆ ಅವಳು ನಗುವುದು ನಿಲ್ಲಿಸಿ, "ಅಂಗಾದ್ರೆ ನನ್ನಂಥೋರ್ಗೆ ನೆಳ್ಳೇ ಇಲ್ವಾ ಅಕ್ಕ?" ಅಂದಳು. ತಮಾಷೆಗೇ ಅಂದದ್ದು. ನನಗೆ ಮಾತ್ರ ಎಲ್ಲೋ ನಾಟಿತು.

ಅವತ್ತಿನಿಂದ ನಾನು ನೆರಳು ನೋಡಲು ಶುರು ಮಾಡಿದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಕೂತು ಹೋಗುವವರ ಬರುವವರ ಮುಖ ನೋಡುತ್ತಿದ್ದೆ. ಬಿಸಿಲು ಒಂದು ಕಡೆಯಿಂದ ಬಿದ್ದಾಗ ಇನ್ನೊಂದು ಕೆನ್ನೆಯ ಕೆಳಗೆ ಏನು ಬಣ್ಣ ಬರುತ್ತದೆ? ಹೂವು ಮಾರುವ ಒಬ್ಬಾಕೆ ಮಂಜುಳಳಷ್ಟೇ ಕಪ್ಪು. ಅವಳ ಕೆನ್ನೆಯ ನೆರಳು ಇದ್ದಿಲಿನ ಕಪ್ಪಲ್ಲ. ಗಟ್ಟಿ ಕಾಫಿ ಡಿಕಾಕ್ಷನ್ನಿನ ಅಡಿಯಲ್ಲಿ ಕಾಣುವ ಕೆಂಪು ಬೆರೆತ ಕಪ್ಪು. ಗೋಧಿ ಬಣ್ಣದವರ ನೆರಳು ಉಂಡೆ ಬೆಲ್ಲದ ಬಣ್ಣ. ತೀರ ಬಿಳಿ ಇರುವವರಿಗೆ ಮಾತ್ರ ಆ ಮೈಸೂರಿನ ಬೂದು ಹೊಂದುತ್ತಿತ್ತು. ಅಂದರೆ ಪ್ರತಿಯೊಬ್ಬರ ನೆರಳೂ ಅವರವರ ಬಣ್ಣದೊಳಗಿನಿಂದಲೇ ಬರುತ್ತದೆ, ಹೊರಗಿನಿಂದ ತಂದು ಅಂಟಿಸುವುದಲ್ಲ.

ನಾನೂ ಮಂಜುಳಳೂ ಸೇರಿ ಬೆರೆಸಿದೆವು. ಕಣ್ಣಿನ ರೆಪ್ಪೆಗೆ ಹಚ್ಚುವ ಗಾಢ ಕಂದು ಪುಡಿಗೆ ಚೂರು ಮರೂನ್ ಸೇರಿಸಿ ಅವಳ ಕೆನ್ನೆಯ ಕೆಳಗೆ ತಿಕ್ಕಿದಾಗ, ಮೂಳೆಯ ಏರು ತಟ್ಟನೆ ಎದ್ದು ಬಂತು. ಮಂಜುಳ ಕೈಗನ್ನಡಿ ಹಿಡಿದು ಬಾಗಿಲಿಗೆ ಹೋಗಿ, ಬೆಳಕಲ್ಲಿ ಆಚೆ ಈಚೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡಳು. ಮುಖ ತೊಳೆಯದೆ ಹಾಗೇ ಮನೆಗೆ ಹೋದಳು. ಮಾರನೆಯ ದಿನ ಕೇಳಿದ್ದಕ್ಕೆ, "ನಮ್ಮೆಜಮಾನ್ರು ಏನೂ ಕೇಳ್ನಿಲ್ಲ. ಸುಮ್ನೆ ಎರಡು ಸಲ ನೋಡಿದ್ರು" ಅಂದಳು.

ಅಲ್ಲಿಂದ ಮುಂದೆ ಮಾಡಿದ ಕ್ರಮ ಇದು, ನಿಮಗೆ ಉಪಯೋಗವಾದರೆ ಇಟ್ಟುಕೊಳ್ಳಿ. ಬಣ್ಣವನ್ನು ಕೈಯ ಹಿಂಭಾಗಕ್ಕೆ ಹಚ್ಚಿ ನೋಡಬೇಡಿ, ಕೈ ಬಿಸಿಲು ಕಂಡದ್ದು, ಮುಖಕ್ಕಿಂತ ಬೇರೆ. ದವಡೆಯ ಹತ್ತಿರ ಹಚ್ಚಿ. ಟ್ಯೂಬ್‌ಲೈಟ್ ನಂಬಬೇಡಿ, ಹುಡುಗಿಯನ್ನು ಬಾಗಿಲಿಗೋ ಕಿಟಕಿಗೋ ಕರೆದುಕೊಂಡು ಹೋಗಿ. ಮೈಬಣ್ಣಕ್ಕಿಂತ ಎರಡು ಮೆಟ್ಟಿಲು ಗಾಢ ಸಾಕು, ಮೂರನೆಯದು ಕೊಳೆಯ ಹಾಗೆ ಕಾಣುತ್ತದೆ. ಮುಂಗೈಯ ಒಳಗಿನ ನರ ಹಸಿರಾಗಿ ಕಂಡರೆ ಬೆಲ್ಲದ ಕಡೆಯ ಕಂದು, ನೀಲಿಯಾಗಿ ಕಂಡರೆ ಬೂದಿನ ಕಡೆಯ ಕಂದು; ಇದು ಹತ್ತಕ್ಕೆ ಏಳೆಂಟು ಸಲ ಸರಿ ಹೋಗುತ್ತದೆ. ಉಳಿದದ್ದಕ್ಕೆ ನಿಮ್ಮ ಕಣ್ಣೇ ಗತಿ. ಮತ್ತೆ, ಎಲ್ಲರಿಗೂ ಇದು ಬೇಕಾಗಿಲ್ಲ. ಸೌಮ್ಯಳ ಗಂಡನ ಸೋದರತ್ತೆ ಕೇಳಿದ್ದನ್ನು ಪ್ರತಿ ಸಲ ನಿಮ್ಮನ್ನೇ ಕೇಳಿಕೊಳ್ಳಿ.

ಇನ್ನು ಜಯಳ ವಿಷಯ.

ಮಲ್ಲಿಪಟ್ಟಣದ ಆ ಜಯ ಮದುವೆಯಾಗಿ ಹೋದದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿಗೆ. ಅವಳನ್ನು ನಾನು ಮರೆತೇಬಿಟ್ಟಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲಾದ ನಂತರ ಒಂದು ಮಧ್ಯಾಹ್ನ ಪಾರ್ಲರಿನ ಬಾಗಿಲಲ್ಲಿ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ನಿಂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಮುಖ ಕಪ್ಪಿಟ್ಟು, ಮೇಲೆ ಬೂದಿ ಬಳಿದ ಹಾಗಿತ್ತು, ಉಗುರೂ ಕಪ್ಪು. ನೋಡಿದರೆ ತಿಳಿಯುವಂಥ ಕಾಯಿಲೆ. ಕೂತು ಸುಧಾರಿಸಿಕೊಂಡು ಹೇಳಿದಳು: ಕ್ಯಾನ್ಸರ್, ಔಷಧಿ ಎಲ್ಲ ಮುಗಿದಿದೆ, ಡಾಕ್ಟರು ವಾಸಿ ಅಂದಿದ್ದಾರೆ, ಆದರೆ ಮೈ ಇನ್ನೂ ಹೀಗಿದೆ. ಬರುವ ವಾರ ಮಗಳು ಕಾವ್ಯಳ ಮದುವೆ, ಚನ್ನರಾಯಪಟ್ಟಣದ ಛತ್ರದಲ್ಲಿ.

"ನಾನು ಧಾರೆಗೆ ಕೂರಕಿಲ್ಲ ಅಂದಿದ್ದೀನಿ ಕಣಕ್ಕ. ನಮ್ ಮೈದ್ನ, ವಾರಗಿತ್ತಿ ಕೂತ್ಕತ್ತಾರೆ. ನನ್ ಮಗಳು, ನೀನು ಕೂರ್ದಿದ್ರೆ ನಾನೂ ಮಣೆ ಮ್ಯಾಲೆ ಕೂರಲ್ಲ ಅಂತಾಳೆ. ಮೂರು ದಿನಾತು, ಉಂಡಿಲ್ಲ ಸರ್ಯಾಗಿ."

"ನೀವು ಯಾಕೆ ಕೂರಲ್ಲ?"

"ಈ ಮೊಕ ಇಟ್ಕಂಡಾ? ಅವಳ ಮದ್ವೆ ಫೋಟದಲ್ಲಿ ಜೀವಮಾನ ಪೂರ್ತಿ ಈ ಮೊಕ ಇರ್ಬೇಕಾ?"

ಅವಳು ಚೀಲದಿಂದ ಒಂದು ಆಲ್ಬಮ್ ತೆಗೆದಳು. "ಮುಂಚೆ ಇದ್ದಂಗೆ ಮಾಡ್ಕೊಡಿ. ಒಂದೇ ದಿನಕ್ಕೆ" ಅಂತ ತೆರೆದು ನನ್ನ ಕಡೆ ತಿರುಗಿಸಿದಳು. ಚಪ್ಪರ, ಹೂವಿನ ಹಾರ, ಮತ್ತೆ ಗುಲಾಬಿ ಬೆರೆತ ಬಿಳಿ ಬಣ್ಣದ ಒಂದು ಮುಖ. ಪಕ್ಕದಲ್ಲಿ ಅಜ್ಜಿ, ಮೊಮ್ಮಗಳ ಕೈ ಹಿಡಿದುಕೊಂಡು. ಪುಟ ತಿರುಗಿಸಿದೆ. ಎಲ್ಲ ಪುಟದಲ್ಲೂ ಆ ಬಿಳಿಯೇ.

"ಜಯಾ, ಇದರಲ್ಲಿ ನಿನ್ನ ಬಣ್ಣವೇ ಇಲ್ಲ. ಇದನ್ನು ಬಳಿದವಳು ನಾನೇ."

"ಗೊತ್ತು ಕಣಕ್ಕ. ಅದ್ಕೇ ಬಂದಿದ್ದು" ಅಂದಳು. "ಆವತ್ತು ಬಣ್ಣ ಹಾಕೋಕ್ ಮುಂಚೆ ನನ್ ಮೊಕ ತೊಳ್ದು, ಬಟ್ಟೇಲಿ ಒರ್ಸಿ, ಅಷ್ಟೊತ್ತು ನೋಡಿದ್ದು ನೀವೊಬ್ರೆ. ನಮ್ಮಜ್ಜಿ ತೀರೋದ್ರು. ಫೋಟ ಅಂತ ಬ್ಯಾರೆ ತೆಗ್ಸಿದ್ದಿಲ್ಲ. ಮನೇವ್ರು ಬಣ್ಣ ಇಂಗಿತ್ತು ಅಂತ ಬಾಯಲ್ಲಿ ಎಂಗೇಳಾರು. ನಿಮ್ಗಾರ ನೆಪ್ಪಿರ್ತದೇನೋ ಅಂದ್ಕಂಡೆ."

ನನಗೆ ನೆನಪಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಇಲ್ಲ ಜಯಾ, ಆವತ್ತು ನಾನು ನಿನ್ನನ್ನ ನೋಡಲೇ ಇಲ್ಲ" ಅಂದೆ. ಅವಳು ಆಲ್ಬಮ್ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ಸಿಟ್ಟಾಗಲಿಲ್ಲ. ಅದೇ ಕಷ್ಟವಾದದ್ದು.

ಮಂಜುಳ ಮೂಲೆಯಲ್ಲಿ ಬ್ರಷ್ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. "ಅಕ್ಕ, ತೋಳು ತೋರ್ಸಿ" ಅಂತ ಜಯಳ ರವಿಕೆಯ ತೋಳನ್ನು ಮೆಲ್ಲಗೆ ಮೇಲೆ ಸರಿಸಿದಳು. ತೋಳಿನ ಒಳಬದಿ, ಬಿಸಿಲೂ ಕಾಣದ, ಔಷಧಿಯ ಕಪ್ಪೂ ಅಷ್ಟಾಗಿ ತಟ್ಟದ ಅಂಗೈಯಗಲ ಜಾಗ. ಅಲ್ಲಿ ಬಣ್ಣ ಬೇರೆ ಇತ್ತು. ಹೊಸ ಹುಣಸೆಹಣ್ಣಿನ ತಿಳಿ ಕಂದು. ಜಯ ಬಗ್ಗಿ ನೋಡಿ, "ಊಂ ಕಣವ್ವ, ಇಂಗಿದ್ದೆ" ಅಂದಳು.

ಬಣ್ಣ ಸಿಕ್ಕಿತು ಅಂತ ಅದನ್ನೇ ಮುಖಕ್ಕೆ ಹಚ್ಚುವಂತಿರಲಿಲ್ಲ. ಹಚ್ಚಿದರೆ ಕೊರಳು, ಕೈ, ಉಗುರು ಎಲ್ಲ ಕಪ್ಪಾಗಿ ಉಳಿದು, ಮುಖ ಒಂದೇ ಬೇರೆಯಾಗುತ್ತಿತ್ತು. ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗೆ. ಅದನ್ನು ಅವಳಿಗೆ ಬಿಡಿಸಿ ಹೇಳಿದೆ. "ಪೂರ್ತಿ ಹಿಂದಕ್ಕೆ ಹೋಗೋಕಾಗಲ್ಲ ಜಯಾ. ಈಗಿರೋ ಬಣ್ಣದಿಂದ ಬೂದಿ ತೆಗೀತೀನಿ. ಕೆಂಪು ತರ್ತೀನಿ. ನಿನ್ನ ಮಗಳು ನೋಡಿದ್ರೆ ನೀನು ಅಂತ ಗೊತ್ತಾಗಬೇಕು, ಅಷ್ಟು ಮಾಡ್ತೀನಿ."

ಅವಳು ರವಿಕೆಯ ತೋಳು ಕೆಳಗೆ ಎಳೆದುಕೊಂಡು, "ಆಟು ಮಾಡಿ, ಸಾಕು" ಅಂದಳು.

ಮದುವೆಯ ಬೆಳಿಗ್ಗೆ ಮದುಮಗಳಿಗಿಂತ ಮುಂಚೆ ತಾಯಿಯನ್ನು ಕೂರಿಸಿಕೊಂಡೆ. ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, "ಮುಟ್ಟಲಾ" ಅಂದೆ. ಬೂದಿಯನ್ನು ಕಳೆಯಲು ಮೊದಲು ಕಿತ್ತಳೆ ಕೆಂಪಿನ ಬಣ್ಣವನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ಹಚ್ಚಿದೆ. ಅದರ ಮೇಲೆ ಅವಳ ಕೊರಳಿನ ಬಣ್ಣಕ್ಕೆ ಹೊಂದುವ, ಚೂರೇ ಚೂರು ಹುಣಸೆಯ ಕಡೆ ವಾಲಿದ ಬಣ್ಣ. ಕೈಗಳಿಗೂ ತೆಳುವಾಗಿ ಅದೇ. ಕೆನ್ನೆಯ ಕೆಳಗೆ ನಾವು ಯಾವಾಗಲೂ ನೆರಳು ಹಾಕುವ ಜಾಗದಲ್ಲಿ ಅವಳಿಗೆ ಕಾಯಿಲೆಯೇ ನೆರಳು ಹಾಕಿತ್ತು. ಅಲ್ಲಿ ನಾನು ಉಲ್ಟಾ ಮಾಡಿದೆ, ತಿಳಿ ಬಣ್ಣ ತುಂಬಿದೆ. ಕಾಂಟೂರ್ ಪುಡಿ ಬೇಕಾದದ್ದು ಬೇರೆ ಕಡೆ. ಹಣೆಯ ಮೇಲಿನ ಅಂಚಿನಲ್ಲಿ ಕೂದಲು ತೆಳ್ಳಗಾಗಿ ಹೋಗಿತ್ತು. ಅಲ್ಲಿ ಆ ಕಾಫಿ ಬಣ್ಣದ ಪುಡಿಯನ್ನು ಸಣ್ಣ ಬ್ರಷ್ಷಿನಲ್ಲಿ ಎಳೆ ಎಳೆಯಾಗಿ ತುಂಬಿದೆ. ಉದುರಿಹೋಗಿದ್ದ ಹುಬ್ಬನ್ನು ಅದರಲ್ಲೇ ಬರೆದೆ. ಮಂಜುಳ ತಲೆಗೆ ಸವರಿ ಕೂದಲು ಕೂರಿಸಿ ತುಂಬ ಹೂವು ಮುಡಿಸಿದಳು.

ಕಾವ್ಯ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಒಳಗೆ ಬಂದಳು. ತಾಯಿಯ ಬೆನ್ನು ಬಾಗಿಲ ಕಡೆಗಿತ್ತು. ಕನ್ನಡಿಯಲ್ಲಿ ಮುಖ ಕಂಡಿತು. ಹುಡುಗಿ ನಿಂತ ಕಡೆಯೇ ನಿಂತಳು.

"ಅವ್ವ" ಅಂದಳು. ಹಿಂದಿನಿಂದ ಬಂದು ತನ್ನ ಕೆನ್ನೆಯನ್ನು ತಾಯಿಯ ಕೆನ್ನೆಗೆ ಒತ್ತಿದಳು. ನನ್ನ ಒಂದು ಗಂಟೆಯ ಕೆಲಸ ಅವಳ ಕೆನ್ನೆಗೆ ಮೆತ್ತಿಕೊಂಡಿತು. ಮಂಜುಳ "ಅಯ್ಯೋ" ಅನ್ನಲು ಬಾಯಿ ತೆರೆದಳು, ನಾನು ಬೇಡ ಅಂತ ಕೈ ಸನ್ನೆ ಮಾಡಿದೆ. ಮತ್ತೆ ಹಚ್ಚಿದರಾಯಿತು. ಆ ಕನ್ನಡಿಯಲ್ಲಿ ಇಬ್ಬರ ಮುಖ ಅಕ್ಕಪಕ್ಕ ಇದ್ದಾಗ ನನಗೆ ಮೊದಲ ಸಲ ಜಯಳ ಮುಖ ಕಾಣಿಸಿತು. ಮಗಳು ಅವಳದೇ ಬಣ್ಣ.

ಜಯ ಗಂಡನ ಜೊತೆ ಧಾರೆಗೆ ಕೂತಳು. ಒಂದು ವರ್ಷದ ಮೇಲೆ ಪಾರ್ಲರಿಗೆ ಬಂದಳು, ತಲೆಯಲ್ಲಿ ಗುಂಗುರು ಗುಂಗುರಾಗಿ ಗಿಡ್ಡ ಕೂದಲು. "ಉಬ್ಬು ಬಂದವೆ ಕಣಕ್ಕ, ಒಳ್ಳೆ ಪೊದೆಯಂಗೆ. ತೆಗ್ದು ನೆಟ್ಗೆ ಮಾಡಿ" ಅಂದಳು. ದಾರದಲ್ಲಿ ಹುಬ್ಬು ತೀಡುವಾಗ ನನ್ನ ಕಣ್ಣು ತುಂಬಿ, ಎರಡು ಸಲ ನಿಲ್ಲಿಸಬೇಕಾಯಿತು.

ನಾನು ಕೆಲಸ ಬಿಟ್ಟದ್ದು ಕಣ್ಣಿನಿಂದಲೇ. ಅದೂ ಹೇಳಿಬಿಡುತ್ತೇನೆ.

ಅರಕಲಗೂಡಿನಲ್ಲಿ ಒಂದು ಮದುವೆ. ಹುಡುಗಿಯ ಮುಖ ಮುಗಿಸಿ, ಮಂಜುಳಳಿಗೆ ಸೀರೆ ಉಡಿಸಲು ಹೇಳಿ ಕಾಫಿ ಕುಡಿಯಲು ಹೊರಗೆ ಹೋದೆ. ಕನ್ನಡಕದ ಡಬ್ಬಿ ಮರೆತಿದ್ದೆ ಅಂತ ವಾಪಸ್ ಬಂದರೆ, ಮಂಜುಳ ಒದ್ದೆ ಸ್ಪಂಜಿನಲ್ಲಿ ಹುಡುಗಿಯ ಕೆನ್ನೆಯಿಂದ ನಾನು ಹಾಕಿದ ನೆರಳನ್ನು ತೆಗೆಯುತ್ತಿದ್ದಳು. ಪಕ್ಕದಲ್ಲಿ ಬೇರೆ ಬಣ್ಣದ ಡಬ್ಬಿ ತೆರೆದಿಟ್ಟುಕೊಂಡಿದ್ದಳು. ಕನ್ನಡಿಯಲ್ಲಿ ಮೊದಲು ನನ್ನನ್ನು ಕಂಡದ್ದು ಆ ಹುಡುಗಿ. ಮಂಜುಳಳ ಕೈ ಅಲ್ಲೇ ನಿಂತಿತು. ನಾನು ಕನ್ನಡಕದ ಡಬ್ಬಿ ತೆಗೆದುಕೊಂಡು ಏನೂ ಕಾಣದವಳ ಹಾಗೆ ಹೊರಗೆ ಬಂದೆ. ಕಾಫಿ ರುಚಿಸಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಕೂತೆವು.

"ಅಕ್ಕ, ಬೈದ್ಬುಡಿ" ಅಂದಳು ಮಂಜುಳ.

"ಎಷ್ಟು ದಿನದಿಂದ?"

"ಯುಗಾದಿಯಿಂದೀಚೆಗೆ."

ಆಗ ದೀಪಾವಳಿ ಕಳೆದಿತ್ತು.

"ಯಾಕೆ ಹೇಳಲಿಲ್ಲ?"

"ಎಂಗೇಳೋದು ಅಕ್ಕ. ಬೂದುಗೂ ಕಂದುಗೂ ನಿಮ್ಗೆ ಯತ್ವಾಸ ತಿಳೀತಿಲ್ಲ. ಕೈಯೂ ದಪ್ಪಕ್ಕೆ ಬೀಳ್ತಾ ಐತೆ. ಬಣ್ಣ ನೋಡೋದು ಕಲ್ಸಿದ್ದೇ ನೀವು. ನಿಮ್ಗೆ ಕಾಣ್ತಿಲ್ಲ ಅಂತ ನನ್ ಬಾಯಲ್ಲಿ ಬರ್ಲಿಲ್ಲ."

ನನಗೆ ಅವಮಾನವಾಯಿತು ಅಂದರೆ ಸುಳ್ಳಲ್ಲ. ಆ ರಸ್ತೆಯ ಅರ್ಧ ದೂರ ಸಿಟ್ಟಿನಲ್ಲೇ ಬಂದೆ. ಮಾರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಒಂದು, ಆಮೇಲೆ ಇನ್ನೊಂದು, ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಯ ಗೋಡೆ ನಾನು ಅಂದುಕೊಂಡಿದ್ದ ಕೆನೆ ಬಣ್ಣವಲ್ಲ, ಅಪ್ಪಟ ಬಿಳಿ ಅಂತ ತಿಳಿಯಿತು. ಮಂಜುಳಳ ಕಿವಿಯ ಪಕ್ಕ ಬೆಳ್ಳಿ ಕೂದಲು ಬಂದಿದ್ದವು. ಕಣ್ಣಿನ ಕೆಳಗೆ ದಣಿವು. ನನ್ನ ಪಕ್ಕದಲ್ಲೇ ನಿಂತು ಅವಳಿಗೆ ವಯಸ್ಸಾಗಿದ್ದು ನನಗೆ ಕಂಡಿರಲಿಲ್ಲ.

ಪಾರ್ಲರಿಗೆ ಹೋಗಿ ಆ ಯುಗಾದಿಯಿಂದ ದೀಪಾವಳಿವರೆಗಿನ ಮದುವೆಗಳ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಒಂದು ಕೆನ್ನೆಯೂ ತಪ್ಪಿರಲಿಲ್ಲ. ಎಣ್ಣೆಗಪ್ಪಿನ ಹುಡುಗಿಯರು ಎಣ್ಣೆಗಪ್ಪಾಗೇ ಹೊಳೆಯುತ್ತಿದ್ದರು, ಗೋಧಿ ಬಣ್ಣದವರಿಗೆ ಬೆಲ್ಲದ ನೆರಳು, ಕೊರಳಿಗೂ ಮುಖಕ್ಕೂ ನಡುವೆ ಗಡಿ ಅನ್ನುವುದೇ ಇಲ್ಲ. ನಾನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಅಷ್ಟು ತಿಂಗಳೂ ಜನ ನನ್ನನ್ನು ಹೊಗಳಿದ್ದರು, ನಾನು ಒಪ್ಪಿಕೊಂಡಿದ್ದೆ.

ಬೀಗದ ಕೈಯನ್ನು ಮಂಜುಳಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ.

"ಈಗ ಕಣ್ಣು ಸರಿ ಓಯ್ತಲ್ಲ ಅಕ್ಕ. ಸ್ವಾಮಾರ ದಂಡಿಗನಹಳ್ಳೀಲಿ ಮದ್ವೆ ಐತೆ. ಬತ್ತೀರಲ್ವಾ?"

"ಬರ್ತೀನಿ" ಅಂದೆ. "ಊಟಕ್ಕೆ ಬರ್ತೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತಲೆ ತಗ್ಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೀಗದ ಕೈ ತೆಗೆದುಕೊಂಡಳು.

ಸೋಮವಾರ ರೇಷ್ಮೆ ಸೀರೆ ಉಟ್ಟು ಹೋದೆ. ಇಷ್ಟು ವರ್ಷ ಮದುವೆಗಳನ್ನು ನಾನು ಒಳಕೋಣೆಯಿಂದಲೇ ನೋಡಿದ್ದು. ಮೊದಲ ಸಲ ಎದುರಿನ ಕುರ್ಚಿಯಲ್ಲಿ, ಬಂಧುಗಳ ನಡುವೆ ಕೂತೆ. ಹುಡುಗಿ ಬಂದಳು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಮೊಣಕೈ ತಟ್ಟಿ, "ಎಷ್ಟು ಲಕ್ಷಣವಾಗವಳೆ ಅಲ್ವಾ? ಅವರವ್ವನ ಮೊಕ ಇಟ್ಟಂಗೈತೆ" ಅಂದಳು. ಮುಖಕ್ಕೆ ಬಣ್ಣ ಹಚ್ಚಿದ್ದಾರೆ ಅಂತ ಅವಳಿಗೆ ಅನ್ನಿಸಿರಲೇ ಇಲ್ಲ.

ಒಳಕೋಣೆಯ ಬಾಗಿಲ ಹತ್ತಿರ ಕೈಯಲ್ಲಿ ಬ್ರಷ್ ಹಿಡಿದು ನಿಂತಿದ್ದ ಮಂಜುಳ ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕುತ್ತಿದ್ದಳು. ಕಣ್ಣು ಕೂಡಿತು. ಚೆನ್ನಾಗಿದೆ ಅಂತ ನಾನು ತಲೆ ಆಡಿಸಿದೆ.

ಆಮೇಲೆ ಆ ಹೆಂಗಸಿನ ಜೊತೆ ಊಟಕ್ಕೆ ಎದ್ದೆ.